ಪಕ್ಕದ ಸೀಟು

ಸಹಿ ಹಾಕಿ ಹೊರಗೆ ಬಂದವನು ಲಿಫ್ಟಿನ ಕಡೆ ಹೋಗದೆ ನೇರ ಕೈ ತೊಳೆಯುವ ಕೋಣೆಗೆ ಹೋದ. ಕೈಗೆ ಮಸಿಯೇನೂ ಹತ್ತಿರಲಿಲ್ಲ. ಅಂಟು ತಯಾರಿಸುವ ಕಂಪನಿ. ಆದರೆ ಅವರ ಮೇಜು, ಪೆನ್ನು, ಕೈಕುಲುಕುವ ರೀತಿ ಎಲ್ಲ ಎಷ್ಟು ನುಣುಪೆಂದರೆ ಎಲ್ಲೂ ಏನೂ ಅಂಟುವ ಹಾಗಿಲ್ಲ. ಅಂಟಿನವರ ನಂಟು, ಎಂದು ತಲೆಯೊಳಗೆ ಒಂದು ಮಾತು ಕುಣಿಯುತ್ತ ಬಂತು. ಮನೆಗೆ ಹೋಗಿ ಹೆಂಡತಿಗೆ ಹೇಳಬೇಕು ಅಂದುಕೊಂಡ. ಆಮೇಲೆ ಅವಳಿಗೆ ಹೇಳಬೇಕಾದದ್ದು ಬೇರೆಯೇ ಇದೆ ಎಂಬುದು ನೆನಪಾಯಿತು. ಯಾವಾಗಲೂ ಹೀಗೇ. ಅವನಿಗೆ ತಮಾಷೆ ಮೊದಲು ಬರುತ್ತದೆ, ದುಃಖ ಹಿಂದಿನ ಬಸ್ಸಿಗೆ ಬರುತ್ತದೆ. ಅಪ್ಪ ತೀರಿಕೊಂಡ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಗಂಟಲು ಸರಿಮಾಡಿಕೊಂಡ ಶಬ್ದವನ್ನು ಇವನ ಗಂಟಲು ತಾನಾಗಿಯೇ ಮಾಡಿಬಿಟ್ಟಿತ್ತು, ಅಕ್ಕ ತಿರುಗಿ ನೋಡಿದ್ದಳು, ಆ ನೋಟ ಇನ್ನೂ ಬೆನ್ನಿನ ಮೇಲಿದೆ. ಈಗ ಗೋಡೆಯ ಬಿಸಿಗಾಳಿ ಯಂತ್ರದ ಕೆಳಗೆ ಕೈ ಒಡ್ಡಿದರೆ ಅದು ಭರ್ರೆಂದು ಶುರುವಾಗಿ, ಅರ್ಧಕ್ಕೆ ಸುಮ್ಮನಾಗಿ, ಮತ್ತೆ ಭರ್ರೆಂದಿತು. ಇವನ ಬಾಯಿಯೂ ಭರ್ರೆಂದು, ಸುಮ್ಮನಾಗಿ, ಮತ್ತೆ ಭರ್ರೆಂದಿತು. ಪಕ್ಕದ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದವನೊಬ್ಬ ನಕ್ಕ. ಕನ್ನಡಿಯೊಳಗೆ ಆ ನಗು ಕಂಡದ್ದೇ ಇವನು ಯಂತ್ರದ ಕೆಳಗಿನಿಂದ ಕೈ ಹಿಂದಕ್ಕೆ ತೆಗೆದ. ಕೈ ಇನ್ನೂ ಒದ್ದೆಯಿತ್ತು. ಪ್ಯಾಂಟಿಗೆ ಒರೆಸಿಕೊಂಡು ಹೊರಟ.

ಸಹಿ ಹಾಕಿದ್ದು ಹನ್ನೊಂದು ಪುಟಕ್ಕೆ. ಕಾನೂನಿನವನು ಎದುರು ಕೂತು ಪ್ರತಿ ಪುಟವನ್ನೂ ಮೂಗಿನಲ್ಲೇ ಓದಿದ. “ಪ್ರಾಯೋಜಿತ ವಾಹನದಲ್ಲಿ, ಪ್ರಯಾಣದ ಯಾವುದೇ ಹಂತದಲ್ಲಿ, ಚಾಲಕನೊಬ್ಬನ ಹೊರತಾಗಿ ಅನ್ಯ ವ್ಯಕ್ತಿ ಇರತಕ್ಕದ್ದಲ್ಲ.” ಅನ್ಯ ವ್ಯಕ್ತಿ ಅನ್ನುವಾಗ ಅವನ ಮೂಗಿನ ಹೊಳ್ಳೆ ಅಗಲವಾಯಿತು, ಅದನ್ನು ಹೇಗೆ ಮಾಡುವುದೆಂದು ಇವನ ಮೂಗು ಆಗಲೇ ಲೆಕ್ಕ ಹಾಕುತ್ತಿತ್ತು. ಅನ್ಯ ವ್ಯಕ್ತಿ ಎಂದರೆ ಅವಳು. ಆ ಗಾಡಿಯ ತಳವನ್ನು ಅಂಗಾತ ಮಲಗಿ ಕೆರೆದು ತುಕ್ಕು ತೆಗೆದವಳು, ಹರಾಜಿನಲ್ಲಿ ಸಿಕ್ಕಿದ ಹಳೆಯ ಆಂಬುಲೆನ್ಸಿಗೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಹಾಕಿಸಬಹುದು ಎಂದು ಮೊದಲು ಹೇಳಿದವಳು, ಬೆಳಿಗ್ಗೆ ಚಾಲೂ ಮಾಡಿದಾಗ ಕೆಮ್ಮುತ್ತದೆ ಎಂದು ಅದಕ್ಕೆ ‘ಅಜ್ಜಿ’ ಅಂತ ಹೆಸರಿಟ್ಟವಳು. ಇಬ್ಬರೂ ಆ ಗಾಡಿಯಲ್ಲಿ ಕಡಲಾಚೆಯ ದೇಶಗಳನ್ನು ಸುತ್ತಬೇಕು, ಅದಕ್ಕೆ ನೆರವಾಗಿ ಎಂದು ಆರು ವರ್ಷದಿಂದ ಒಂದಾದಮೇಲೊಂದು ಕಂಪನಿಗೆ ಪತ್ರ ಬರೆದವಳೂ ಅವಳೇ. ಟಯರು ಬೇಕು, ಗಾಡಿಯನ್ನು ಹಡಗಿನಲ್ಲಿ ದಾಟಿಸಬೇಕು, ಉಪ್ಪಿನ ಬಯಲಿನಲ್ಲಿ ಕೈಕೊಟ್ಟರೆ ಕರೆಯಲು ಉಪಗ್ರಹದ ಫೋನು ಬೇಕು. ಒಬ್ಬ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಒಬ್ಬಳು ಸರ್ವೆ ಕಚೇರಿಯ ನಕ್ಷೆಗಾರ್ತಿ, ಇವರಿಬ್ಬರ ಸಂಬಳದಲ್ಲಿ ಆಗುವ ಮಾತಲ್ಲ. ಬಣ್ಣದವರು ಇಲ್ಲ ಅಂದರು, ಬ್ಯಾಟರಿಯವರು ಮುಂದಿನ ವರ್ಷ ನೋಡೋಣ ಅಂದರು, ಚಾಪೆಯವರು ಎರಡು ಚಾಪೆ ಕಳಿಸಿದರು. ಕೊನೆಗೆ ಒಪ್ಪಿದ್ದು ಅಂಟಿನವರು. ಪುಟದ ಕೊನೆಯಲ್ಲಿ ಅವನು ಸಹಿ ಹಾಕಿದ. ಹಾಕುವ ಮೊದಲು ಒಂದು ಕ್ಷಣ ಪೆನ್ನು ನಿಂತಿತು ಎಂದು ಆಮೇಲೆ ಅಂದುಕೊಳ್ಳಲು ಅವನು ಬಹಳ ಪ್ರಯತ್ನಪಟ್ಟ. ಪೆನ್ನು ನಿಂತಿರಲಿಲ್ಲ.

ಹೋದ ವಾರ ಇದೇ ಕಟ್ಟಡಕ್ಕೆ ಇಬ್ಬರೂ ಅಜ್ಜಿಯನ್ನು ತೋರಿಸಲು ತಂದಿದ್ದರು. ನೆಲಮಾಳಿಗೆಯ ಬಾಗಿಲಲ್ಲಿದ್ದ ಎತ್ತರದ ಅಡ್ಡಪಟ್ಟಿಗೆ ಗಾಡಿಯ ತಲೆ ತಾಗಿ, ಕಾವಲಿನವನು ಬಂದು, “ಇದು ಒಳಗೆ ಹೋಗಲ್ಲ ಯಜಮಾನ್ರೇ, ಕಸದ ಡಬ್ಬಿ ಪಕ್ಕ ಹಾಕ್ಕೊಳ್ಳಿ” ಅಂದಿದ್ದ. ಅವಳು ಮೇಲೆ ಬರಲಿಲ್ಲ. “ನೀನೇ ಮಾತಾಡ್ತೀಯಲ್ಲ” ಅಂದಳು. ಆ ‘ಮಾ’ ಬರಲು ಎಷ್ಟೋ ಹೊತ್ತಾಯಿತು, ಅವನು ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕಾದ. ಅವಳ ಮಾತು ತಡವರಿಸುವುದು ಬೇರೆಯವರ ಹಾಗಲ್ಲ. ಅಕ್ಷರ ಮರುಕಳಿಸುವುದಿಲ್ಲ. ಸುಮ್ಮನೆ ನಿಂತುಬಿಡುತ್ತದೆ. ತುಟಿ ಮುಚ್ಚಿರುತ್ತದೆ, ಕಣ್ಣು ಎಡಕ್ಕೆ ಸರಿದು ಯಾವುದೋ ಗೋಡೆಯ ಮೂಲೆಯಲ್ಲಿ ನೆಡುತ್ತದೆ, ಕತ್ತಿನ ಒಂದು ನರ ಮಾತ್ರ ಮಿಡಿಯುತ್ತದೆ; ಮುಚ್ಚಿದ ಬಾಗಿಲ ಹಿಂದೆ ಯಾರೋ ಬೀಗದ ಕೈ ಹುಡುಕುತ್ತಿರುವಂತೆ. ಆಮೇಲೆ ಬಾಗಿಲು ತೆರೆದು ಮಾತು ಇಡಿಯಾಗಿ, ನೀಟಾಗಿ ಹೊರಗೆ ಬರುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಅವಳ ಮಾತನ್ನು ಅವನು ತುಂಬಿಸಿದ್ದಿಲ್ಲ. ಊರಿಗೆಲ್ಲ ಧ್ವನಿ ಕದಿಯುವವನೆಂದು ಹೆಸರು, ಗೆಳೆಯರು ಕರೆಯುವುದೇ ‘ಟೇಪು’ ಅಂತ. ಅತ್ತೆಯ ಕೆಮ್ಮು, ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರನ ಆಕಳಿಕೆ, ರಿವರ್ಸಿನಲ್ಲಿ ಕಿರುಚುವ ಲಾರಿ, ಯಾವುದನ್ನೂ ಬಿಟ್ಟವನಲ್ಲ. ಅವಳ ಆ ಮೌನವೊಂದನ್ನು ಮಾತ್ರ ಅವನು ಎಂದೂ ಮುಟ್ಟಿರಲಿಲ್ಲ. ಅದು ತನ್ನ ಒಳ್ಳೆಯತನವೆಂದು ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಮೇಲೆ ಉದ್ದನೆಯ ಮೇಜು, ಮೂಗಿನಲ್ಲಿ ಮಾತಾಡುವ ಆ ಕಾನೂನಿನವನೂ ಸೇರಿ ಆರು ಜನ, ಮಧ್ಯಾಹ್ನದ ಊಟ ಮುಗಿದ ಹೊತ್ತು. ಅವನು ಗಾಡಿಯ ಅಚ್ಚಿನ ಬಗ್ಗೆ ಹೇಳಿದ, ಎರಡು ಡೀಸೆಲ್ ಟ್ಯಾಂಕಿನ ಬಗ್ಗೆ ಹೇಳಿದ, ಅವಳು ಕೈಯಲ್ಲೇ ಬಿಡಿಸಿದ ನಲವತ್ತಮೂರು ಹಾಳೆಯ ದಾರಿನಕ್ಷೆಯನ್ನು ಡಬ್ಬಿಯಿಂದ ತೆಗೆದು ಹರಡಿದ. ಒಬ್ಬ ಹಾಳೆಯ ಅಂಚಿನ ಮೇಲೆ ಕಾಫಿ ಲೋಟ ಇಟ್ಟ. ಇನ್ನೊಬ್ಬನ ಗಲ್ಲ ನಿಧಾನವಾಗಿ ಟೈಯ ಕಡೆ ಇಳಿಯುತ್ತಿತ್ತು. ಪ್ರಚಾರ ವಿಭಾಗದ ಮುಖ್ಯಸ್ಥೆ, ಮಾತಿಗೊಮ್ಮೆ ಸೂಪರ್ ಅನ್ನುವ ಹೆಂಗಸು, ಫೋನಿನಿಂದ ಕಣ್ಣೆತ್ತದೆ, “ಸರಿ ಸರ್, ದಾರಿ ಹೇಳೋದು ಯಾರು, ಹೇಗೆ?” ಅಂದಳು. ಅವನಿಗೆ ಗೊತ್ತಾಯಿತು, ಸಭೆ ಕೈಜಾರಿತು. ಕಲಿಯಲು ಬಂದವರ ಪಕ್ಕ ಕೂತು, ಗಾಡಿ ಜಾರುವ ಅರೆಕ್ಷಣ ಮೊದಲೇ ಕಾಲಿನಲ್ಲಿ ತಿಳಿಯುತ್ತದಲ್ಲ, ಹಾಗೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕಿರುತ್ತದೆ. ಇಲ್ಲಿರಲಿಲ್ಲ. “ನಮ್ಮನೆಯವ್ರು ಹೇಳ್ತಾರೆ” ಅಂದವನು ಎದ್ದು ನಿಂತು, ಕುರ್ಚಿ ತಿರುಗಿಸಿ, ಗಾಡಿಯಲ್ಲಿ ಕೂತ ಹಾಗೆ ಕೂತು, ಮೊದಲು ತಾನಾಗಿ ಸ್ಟಿಯರಿಂಗ್ ಹಿಡಿದು, ಆಮೇಲೆ ಅವಳಾದ. “ಬ, ಬ, ಬ, ಬ,” ಅಂದ, ಕಣ್ಣು ಗರಗರ ತಿರುಗಿಸಿ, ಕೈ ಬೀಸಿ, “ಬ, ಬ, ಬಲ,” ಅನ್ನುವಷ್ಟರಲ್ಲಿ ತಿರುವು ಹಿಂದೆ ಹೋಗಿ ಗಾಡಿ ಹಳ್ಳಕ್ಕೆ ಬಿದ್ದು ಮೂಗು ಮಣ್ಣಿಗೆ, “ಕ್ಕೆ” ಎಂದು ಮುಗಿಸಿದ. ಮೇಜು ಎದ್ದು ಕೂತಿತು. ಟೈಗೆ ಇಳಿದಿದ್ದ ಗಲ್ಲ ಮೇಲೆ ಬಂತು. ಮುಖ್ಯಸ್ಥೆ ಕಣ್ಣೊರೆಸಿಕೊಂಡು, “ಸೂಪರ್ ಸರ್, ಇನ್ನೊಂದ್ಸಲ ಮಾಡಿ, ರೆಕಾರ್ಡ್ ಆಗ್ತಿದೆ” ಅಂದಳು. ಅವನು ಇನ್ನೊಂದು ಸಲ ಮಾಡಿದ. ಎರಡನೆಯ ಸಲ ಹಳ್ಳ ಇನ್ನೂ ಆಳವಾಗಿತ್ತು.

ನಗು ಇಳಿದ ಮೇಲೆ ಆ ಮುಖ್ಯಸ್ಥೆಯೇ ಕೇಳಿದ್ದು, ಬಹಳ ಸಹಜವಾಗಿ, ಕಾಳಜಿಯಿಂದಲೇ. “ಹಾಗಾದ್ರೆ ಅವರಿಲ್ದೇ ಹೋದ್ರೆ ನಿಮಗೇ ಸುಲಭ ಅಲ್ವ ಸರ್? ಇಬ್ಬರು ಹೋದ್ರೆ ಟೂರು. ಒಬ್ಬರು ಹೋದ್ರೆ ಸಾಹಸ. ದಾರಿ ಹೇಳೋಕೆ ಯಂತ್ರ ನಾವು ಹಾಕಿಸ್ಕೊಡ್ತೀವಿ, ಅದು ತೊದಲಲ್ಲ.” ಎಲ್ಲರೂ ಮತ್ತೆ ನಕ್ಕರು. ಅವನೂ ನಕ್ಕ. ಬೇರೇನೂ ಮಾಡಲಿಲ್ಲ, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ನಕ್ಕ ಅಷ್ಟೇ. ಕೆಳಗೆ ಬಂದಾಗ ಕಸದ ಡಬ್ಬಿಗಳ ಪಕ್ಕ ಅವಳು ಗಾಡಿಯೊಳಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಹಾಗೆ ಕೂತು ಎರಡು ಗಂಟೆಯಾಗಿತ್ತು. ಕಿಟಕಿ ಇಳಿಸಿ ಹುಬ್ಬಿನಲ್ಲೇ ಏನಾಯಿತು ಎಂದು ಕೇಳಿದಳು. “ತುಂಬಾ ಇಷ್ಟಪಟ್ರು ಕಣೇ” ಅಂದ. ಅದು ಸುಳ್ಳಾಗಿರಲಿಲ್ಲ.

ಈಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಫೋನು ಬಡಿದುಕೊಂಡಿತು. ಭಾಮೈದ. ವೆಲ್ಡಿಂಗ್ ಕೆಲಸದವನು, ಅಜ್ಜಿಯ ಚಾಸಿಗೆ ಎರಡು ಸಲ ಬೆನ್ನುಮೂಳೆ ಕೂಡಿಸಿದವನು.

“ಏನ್ ಭಾವಾ, ಗೀಚಿ ಬಂದ್ರಾ?”

“ಗೀಚ್ದೆ.”

“ಭಲೇ. ಅಕ್ಕಂಗೆ ಹೇಳಿದ್ರಾ?”

“ಮನೆಗೆ ಹೋಗಿ ಹೇಳ್ತೀನಿ.”

“ಅವಳು ಬೆಳಿಗ್ಗೆಯಿಂದ ಮೂರು ಸಲ ಮೆಸೇಜ್ ಹಾಕವ್ಳೆ ನಂಗೆ, ಭಾವ ಫೋನ್ ಎತ್ತಿದ್ರಾ ಅಂತ. ನಂಗ್ಯಾಕೆ ಹಾಕ್ತಾಳೋ, ನಾನೇನು ಅಂಟಾ? ಕೇಳಿ ಇಲ್ಲಿ, ಬಾಗಿಲ ಮೇಲೆ ಇಬ್ಬರ ಹೆಸರು ಬರೆಸ್ತಾರಲ್ಲ, ಅಕ್ಕಂದು ಮೇಲ್ಗಡೆ ಹಾಕ್ಸಿ. ನಿಮ್ದು ಕೆಳಗೆ. ನೀವು ಬರೀ ಡ್ರೈವರು.”

“ಹೂಂ.”

“ಏನ್ ಹೂಂ? ಎಲ್ಲೋಯ್ತು ಟೇಪು? ಆ ಕಾನೂನಿನೋನ್ ಮಾಡಿ ಒಂದ್ಸಲ, ಮೂಗಿನೋನು, ಮೊನ್ನೆ ಹೇಳ್ತಿದ್ರಲ್ಲ.”

ಅವನು ಮಾಡಿದ. ಬಸ್ಸಿನ ಮುಂದಿನ ಸೀಟಿನ ಮುದುಕ ತಿರುಗಿ ನೋಡುವಷ್ಟು ಚೆನ್ನಾಗಿ ಮಾಡಿದ. ಆ ಕಡೆ ಭಾಮೈದ ಕೆಮ್ಮಿ ಕೆಮ್ಮಿ ನಕ್ಕು ಫೋನಿಟ್ಟ. ಬಸ್ಸು ಒಂದು ಸೇತುವೆ ಹತ್ತಿ ಇಳಿಯಿತು. ಕೆಳಗೆ ಯಾರೋ ಚಾವಣಿಯ ಮೇಲೆ ಬೆಡ್‌ಶೀಟು ಒಣಗಿಸುತ್ತಿದ್ದರು. ಅವನಿಗೆ ಹಳ್ಳ ನೆನಪಾಯಿತು. ನಿಜವಾದ ಹಳ್ಳ. ನಾಲ್ಕು ವರ್ಷದ ಹಿಂದೆ, ಕಲ್ಲುಗಣಿಯ ಆಚೆಯ ಕಚ್ಚಾ ದಾರಿಯಲ್ಲಿ ಗಾಡಿಯನ್ನು ಪರೀಕ್ಷಿಸುತ್ತಿದ್ದಾಗ. ಮಾತು ಸಿಕ್ಕಿಕೊಳ್ಳುತ್ತದೆಂದು ಅವರಿಬ್ಬರೂ ಒಂದು ಪದ್ಧತಿ ಮಾಡಿಕೊಂಡಿದ್ದರು: ಅವನ ತೋಳಿಗೆ ಒಂದು ತಟ್ಟಿದರೆ ಎಡ, ಎರಡು ತಟ್ಟಿದರೆ ಬಲ, ಅಂಗೈ ಒತ್ತಿ ಹಿಡಿದರೆ ನಿಲ್ಲು. ಮಾತಿಗಿಂತ ಬೇಗ. ಕತ್ತಲೆಯ ಸುರಂಗದಲ್ಲಿ, ಧೂಳಿನಲ್ಲಿ, ಎಂಜಿನ್ನಿನ ಗದ್ದಲದಲ್ಲಿ, ಎಲ್ಲಿಯೂ ತಪ್ಪಿದ್ದಿಲ್ಲ. ಆ ದಿನ ಅವನು ಸಾರಿಗೆ ಇನ್‌ಸ್ಪೆಕ್ಟರನ ಆಕಳಿಕೆ ಮಾಡುತ್ತಿದ್ದ, ಕಣ್ಣು ಮುಚ್ಚಿ, ಬಾಯಿ ತೆರೆದು, ಅವಳನ್ನು ನಗಿಸಲೆಂದೇ. ಎರಡು ತಟ್ಟು ಬಿತ್ತು. ಮತ್ತೆ ಎರಡು. ಆಮೇಲೆ ಅಂಗೈ. ಗಾಡಿ ಓರೆಯಾಗಿ ಹಳ್ಳಕ್ಕೆ ಇಳಿದು ನಿಂತಾಗ ಅವಳ ಹಣೆ ಕಿಟಕಿಯ ಕಂಬಿಗೆ ಬಡಿದು ಊದಿಕೊಂಡಿತ್ತು. ಮನೆಯಲ್ಲಿ ಅತ್ತೆ ಕೇಳಿದಾಗ ಅವಳು ಬಾಗಿಲು ತಾಗಿತು ಅಂದಿದ್ದಳು, ಆ ‘ಬಾ’ ಯಾವ ತಡೆಯೂ ಇಲ್ಲದೆ ಸಲೀಸಾಗಿ ಬಂದಿತ್ತು.

ಮನೆಯ ಹಿಂದಿನ ತಗಡಿನ ಶೆಡ್ಡಿನ ಬಾಗಿಲು ತೆರೆದಿತ್ತು. ಅಜ್ಜಿಯ ಎಡಬಾಗಿಲೂ ತೆರೆದಿತ್ತು. ಹೇಳಬೇಕಾದದ್ದನ್ನು ಬಸ್‌ಸ್ಟಾಪಿನಿಂದ ಇಲ್ಲಿಯವರೆಗೆ ಅವನು ನಾಲ್ಕು ರೀತಿ ಜೋಡಿಸಿಕೊಂಡಿದ್ದ: ಮೊದಲು ಸಿಹಿ ಸುದ್ದಿ, ಆಮೇಲೆ ಕಂಪನಿಯವರನ್ನು ನಾಲ್ಕು ಬೈಗುಳ, ಆಮೇಲೆ ಈ ಸಲ ಹೀಗೆ, ಮುಂದಿನ ಸಲ ಇಬ್ಬರೂ. ಒಳಗೆ ಕಾಲಿಟ್ಟವನಿಗೆ ಕಂಡದ್ದು ನೆಲದ ಮೇಲೆ ಹಳೆಯ ಪೇಪರು ಹಾಸಿ ಇಟ್ಟಿದ್ದ ಪಕ್ಕದ ಸೀಟು. ನಾಲ್ಕು ಬೋಲ್ಟು ಒಂದು ಡಬ್ಬಿಯ ಮುಚ್ಚಳದಲ್ಲಿದ್ದವು, ಒರೆಸಿ, ಎಣ್ಣೆ ಹಚ್ಚಿ. ಅವಳು ಮರದ ಪೆಟ್ಟಿಗೆಯ ಮೇಲೆ ಕೂತು ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಯಿಂದ ಬೆರಳು ಬೆರಳಾಗಿ ತೆಗೆಯುತ್ತಿದ್ದಳು. ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪು. ತೆರೆಯ ಮೇಲೆ ಅವನದೇ ಮುಖ, ನಿಂತುಹೋದ ಚಿತ್ರದಲ್ಲಿ, ತುಟಿ ‘ಬ’ಗೆ ಕೂಡಿಕೊಂಡು, ಕಣ್ಣಿನ ಬಿಳಿ ಮಾತ್ರ ಕಾಣುವಂತೆ.

ಪತ್ರ ವ್ಯವಹಾರವೆಲ್ಲ ಅವಳದೇ ವಿಳಾಸದಲ್ಲಿತ್ತು. ಅವನಿಗೆ ಅದು ನೆನಪೇ ಇರಲಿಲ್ಲ. ಆರು ವರ್ಷ ಒಂದು ಪತ್ರವನ್ನೂ ಅವನು ತೆರೆದವನಲ್ಲ.

“ಮೇಲ್ ಬಂತು” ಅಂದಳು. “ಒಪ್ಪಂದದ ಪ್ರತಿ. ಒಬ್ಬರೇ ಆದ್ರೆ ತೂಕ ಇಳಿಸಿ, ಸೀಟು ತೆಗೆಸಿ ಅಂತ ಬರ್ದಿದಾರೆ. ಅದರ ಜೊತೆ ಇದೂ ಕಳ್ಸಿದಾರೆ. ನಿಮ್ಮ ಮನೆಯವರೂ ನೋಡಿ ನಗಲಿ ಅಂತ.”

“ನೋಡಿದ್ಯಾ?”

“ಎರಡು ಸಲ ಮಾಡಿದೀಯಲ್ಲ, ಎರಡೂ ನೋಡ್ದೆ.”

ಅವನು ಲ್ಯಾಪ್‌ಟಾಪಿನ ಮುಚ್ಚಳ ಹಾಕಲು ಹೋದ. ಕೈ ಅರ್ಧಕ್ಕೆ ನಿಂತಿತು.

“ಆ ಹಳ್ಳ” ಅಂದಳು, “ಅದು ಎಷ್ಟನೇ ಹಾಳೆ?”

“ಯಾವ್ದೂ ಇಲ್ಲ ಕಣೇ. ಸುಮ್ನೆ ಸೇರಿಸ್ದೆ. ತೂಕಡಿಸ್ತಾ ಇದ್ರು ಎಲ್ರೂ. ನಗಿಸ್ದೇ ಇದ್ರೆ ಎದ್ದು ಹೋಗ್ತಿದ್ರು, ಇದೂ ಕೈಬಿಡ್ತಿತ್ತು, ಆರು ವರ್ಷ.”

“ಅದು ನಾನಲ್ಲ.”

“ಅಲ್ಲ.”

“ನನಗೆ ಹಾಗೆ ಆಗಲ್ಲ.”

“ಗೊತ್ತು.”

“ಗೊತ್ತಿದ್ದೂ” ಅಂದಳು. ಅದು ಪ್ರಶ್ನೆಯಾಗಿರಲಿಲ್ಲ. ಗ್ರೀಸಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೊಣಕಾಲ ಮೇಲಿಟ್ಟುಕೊಂಡಳು. “ಅಮ್ಮನ ಕೆಮ್ಮು ಮಾಡಿದ್ರೆ ಅಮ್ಮನೇ ಯಾರು ಕೆಮ್ಮಿದ್ದು ಅಂತ ಎದ್ದು ಬರ್ತಿದ್ಲು. ಎಲ್ಲರನ್ನೂ ಅಷ್ಟು ಸರಿಯಾಗಿ ಮಾಡೋನು, ನನ್ನೊಬ್ಬಳನ್ನ ಮಾತ್ರ” ಎಂದಳು, ಅಲ್ಲಿಗೆ ಬಾಗಿಲು ಮುಚ್ಚಿಕೊಂಡಿತು. ಕಣ್ಣು ಎಡಕ್ಕೆ ಸರಿದು ತಗಡಿನ ಮೂಲೆಯಲ್ಲಿ ನೆಟ್ಟಿತು. ಕತ್ತಿನ ನರ ಮಿಡಿಯಿತು. ಸರಿಯಾಗಿ ಮಾಡಿದ್ದರೆ ಯಾರೂ ನಗುತ್ತಿರಲಿಲ್ಲ ಎಂದು ಹೇಳಬೇಕೆನಿಸಿತು ಅವನಿಗೆ. ಸರಿಯಾಗಿ ಮಾಡಿದ್ದರೆ ಆ ಉದ್ದನೆಯ ಮೇಜಿನ ಸುತ್ತ ಆರು ಜನ ಉಸಿರು ಬಿಗಿಹಿಡಿದು ಸುಮ್ಮನೆ ಕೂತಿರುತ್ತಿದ್ದರು, ಅವನಿಗೆ ಬೇಕಾಗಿದ್ದದ್ದು ಅದಲ್ಲ. ಸೂರಿನ ತಗಡು ಬಿಸಿಲಿಗೆ ಟಿಕ್ ಎಂದಿತು. ಇನ್ನೂ ಮಾತು ಬರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ತಡೆಯಲಾಗಲಿಲ್ಲ.

“ತಪ್ಪಾಗಿ ಮಾಡ್ದೆ” ಎಂದು ಅವಳ ಮಾತನ್ನು ಅವನು ಮುಗಿಸಿದ.

ಅವಳು ತಿರುಗಿ ಅವನನ್ನು ನೋಡಿದಳು, ಪರಿಚಯವಿಲ್ಲದ ಬೀದಿಯಲ್ಲಿ ಮನೆ ನಂಬರು ನೋಡುವ ಹಾಗೆ.

“ನಾನು ಅದನ್ನ ಹೇಳ್ತಿರ್ಲಿಲ್ಲ” ಅಂದಳು.

ಏನು ಹೇಳುತ್ತಿದ್ದಳೆಂದು ಅವನು ಕೇಳಲಿಲ್ಲ. ಕೇಳಿದ್ದರೂ ಆ ಮಾತು ಇನ್ನು ಹೊರಗೆ ಬರುವುದಿಲ್ಲವೆಂದು ಗೊತ್ತಾಯಿತು. “ಈಗಲೇ ಫೋನ್ ಮಾಡ್ತೀನಿ” ಅಂದ, ಜೇಬು ತಡಕಿದ. “ಇಬ್ಬರು ಹೋಗೋದಾದ್ರೆ ಸರಿ, ಇಲ್ದಿದ್ರೆ ನಿಮ್ಮ ಅಂಟೂ ಬೇಡ, ಟಯರೂ ಬೇಡ ಅಂತ ಹೇಳಿಬಿಡ್ತೀನಿ. ಹನ್ನೊಂದು ಪುಟ ಹರಿದು ಬಿಸಾಕಲಿ. ನಿನ್ನೆದುರೇ ಮಾಡ್ತೀನಿ.” ಹೇಳುತ್ತ ಹೇಳುತ್ತ ಅವನಿಗೆ ತನ್ನ ಧ್ವನಿ ಚೆನ್ನಾಗಿದೆ ಅನ್ನಿಸಿತು, ಗಟ್ಟಿಯಾಗಿದೆ, ಯಾರದ್ದೋ ಧ್ವನಿಯ ಹಾಗಿದೆ.

“ಮಾಡು” ಅಂದಳು. ಅವಳ ಮುಖದಲ್ಲಿ ಏನೋ ಒಂದು ಸಡಿಲವಾಯಿತು, ತೀರ ಸ್ವಲ್ಪ. ಅದನ್ನು ಅವನು ಕಂಡ. ಆಮೇಲೆ ಎಷ್ಟೋ ದಿನ ಅವನಿಗೆ ನಿದ್ದೆ ತಪ್ಪಿಸಿದ್ದು ಆ ಸಡಿಲವೇ.

ಫೋನನ್ನು ಬಾನೆಟ್ಟಿನ ಮೇಲಿಟ್ಟು ಸ್ಪೀಕರು ಹಾಕಿದ. ಎರಡು ಸಲ ಬಡಿದದ್ದೇ ಮುಖ್ಯಸ್ಥೆಯ ಧ್ವನಿ ಶೆಡ್ಡನ್ನೆಲ್ಲ ತುಂಬಿತು.

“ಸರ್, ನೂರು ವರ್ಷ ಆಯಸ್ಸು ನಿಮಗೆ, ಈಗ ನಿಮ್ಮ ವಿಷಯನೇ ಮಾತಾಡ್ತಿದ್ವಿ. ಹೇಳಿ ಸರ್.”

“ಮೇಡಂ, ಒಂದು ಮುಖ್ಯವಾದ ಮಾತು. ಆ ಒಪ್ಪಂದದಲ್ಲಿ...”

“ಒಂದು ನಿಮಿಷ ಸರ್, ಮೊದಲು ಇದು ಕೇಳಿ. ನಿಮ್ಮ ವಿಡಿಯೋ ನಮ್ಮ ದೊಡ್ಡವರು ಐದು ಸಲ ನೋಡಿದಾರೆ. ನಮ್ಮ ಕಾನೂನಿನವರನ್ನೂ ಒಂದ್ಸಲ ಮಾಡಿ ಸರ್. ಅವರೂ ಇಲ್ಲೇ ಕೂತಿದಾರೆ.”

ಅವನು ಅವಳನ್ನು ನೋಡಿದ. ಅವಳು ಬಟ್ಟೆಯ ಮಡಿಕೆಯನ್ನು ನೋಡುತ್ತಿದ್ದಳು. ಹೇಳಬೇಕಾದ ವಾಕ್ಯ ನಾಲಿಗೆಯ ಮೇಲೆ ಪೂರ್ತಿ ಸಿದ್ಧವಾಗಿತ್ತು, ಅಕ್ಷರ ಅಕ್ಷರವೂ. ಆ ಕಡೆ ನಾಲ್ಕೈದು ಜನ ಉಸಿರು ಹಿಡಿದು ಕಾಯುತ್ತಿರುವುದು, ನಗಲು ತಯಾರಾಗಿ ಕುರ್ಚಿ ಮುಂದಕ್ಕೆಳೆದುಕೊಂಡದ್ದು ಕೇಳಿಸಿತು. ಆ ಶಬ್ದ ಅವನಿಗೆ ಬಾಲ್ಯದಿಂದ ಗೊತ್ತು. ಮೂಗಿನ ಹೊಳ್ಳೆ ತಾನಾಗಿಯೇ ಅಗಲವಾಯಿತು. “ಪ್ರಯಾಣದ ಯಾವುದೇ ಹಂತದಲ್ಲಿ” ಅಂದ, ಮೂಗಿನಲ್ಲೇ, “ನಗುವವರ ಹೊರತಾಗಿ ಅನ್ಯ ವ್ಯಕ್ತಿ ಇರತಕ್ಕದ್ದಲ್ಲ.” ಆ ಕಡೆ ಹೋ ಎಂದು ಎದ್ದ ನಗೆಗೆ ಫೋನು ಬಾನೆಟ್ಟಿನ ಮೇಲೆ ನಡುಗಿತು. ಯಾರೋ ಮೇಜು ಕುಟ್ಟಿದರು. ನಗೆ ಇಳಿಯಲು ಬಹಳ ಹೊತ್ತು ಹಿಡಿಯಿತು.

“ಸೂಪರ್ ಸರ್. ಏನೋ ಮುಖ್ಯವಾದ್ದು ಅಂದ್ರಲ್ಲ?”

“ಅದೇ” ಅಂದ. “ಧನ್ಯವಾದ ಹೇಳೋಣ ಅಂತ.”

ಫೋನಿನ ಬೆಳಕು ಆರಿದ ಮೇಲೂ ಅವನು ಅದನ್ನೇ ನೋಡುತ್ತ ನಿಂತ. ಅವಳು ಪೆಟ್ಟಿಗೆಯಿಂದ ಎದ್ದಳು. ಬಯ್ಯಬಹುದಿತ್ತು, ಆ ಮುಚ್ಚಳದ ಬೋಲ್ಟುಗಳನ್ನು ಎತ್ತಿ ಒಗೆಯಬಹುದಿತ್ತು. ಅವನು ಅದಕ್ಕೆ ಮುಖವನ್ನು ಸಿದ್ಧಮಾಡಿಕೊಂಡೂ ಇದ್ದ.

“ಆ ಕಡೆ ಹಿಡ್ಕೋ” ಅಂದಳು. “ನಾಳೆ ಟಯರ್ ಬರ್ತವಂತೆ. ಇಲ್ಲಿ ಜಾಗ ಬೇಕು.”

ಸೀಟು ಅವನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಇಬ್ಬರೂ ಅದನ್ನು ಹಿಡಿದು, ಶೆಡ್ಡಿನ ಬಾಗಿಲಲ್ಲಿ ಓರೆ ಮಾಡಿ, ಅಂಗಳ ದಾಟಿ, ಹಿಂದಿನ ಜಗಲಿಯ ಮೇಲೆ ಗೋಡೆಗೆ ಒತ್ತಿ ಇಟ್ಟರು. ಅವಳು ಒಳಗೆ ಹೋಗಿ ಕೈ ತೊಳೆದು ಬಂದಳು, ಶೆಡ್ಡಿನಿಂದ ಲ್ಯಾಪ್‌ಟಾಪು ತಂದಳು, ಆ ಸೀಟಿನಲ್ಲೇ ಕೂತು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸತೊಡಗಿದಳು. ಬರೆಯುವಾಗ ಅವಳಿಗೆ ಎಲ್ಲೂ ನಿಲ್ಲುವುದಿರಲಿಲ್ಲ. ಪಕ್ಕದ ಮನೆಯ ಬಾವಿಯ ಪಂಪು ಓಡುತ್ತಿತ್ತು, ನಿಂತಿತು.

“ಏನ್ ಬರೀತಿದೀಯ?”

“ನೀನು ಹೇಳಿದ್ಯಲ್ಲ ಈಗ. ಅದನ್ನೇ. ದಾರಿನಕ್ಷೆ ಕೇಳಿದಾರೆ, ಅವರ ಯಂತ್ರಕ್ಕೆ ತುಂಬಿಸೋಕೆ. ನಲವತ್ತಮೂರೂ ಕಳಿಸ್ತಿದೀನಿ.” ತೆರೆಯನ್ನು ಅವನ ಕಡೆ ತಿರುಗಿಸಿದಳು. “ಓದಿ ನೋಡು. ತಪ್ಪಿದ್ರೆ ಹೇಳು.”

ಅವನು ಬಗ್ಗಿ ಓದಿದ. ಆರು ವರ್ಷದಲ್ಲಿ ಅವಳ ಪತ್ರವನ್ನು ಅವನು ಓದುತ್ತಿರುವುದು ಇದೇ ಮೊದಲು. ನಾಲ್ಕೇ ಸಾಲು, ಹದವಾಗಿ, ಚೊಕ್ಕವಾಗಿ. ಮಾನ್ಯರೇ, ಎಂದಾದ ಮೇಲೆ ‘ನಾನು’ ಎಂದು ಶುರುವಾಗಿತ್ತು. ನಾನು ತಮ್ಮ ಷರತ್ತನ್ನು ಸಂತೋಷದಿಂದ ಒಪ್ಪಿದ್ದೇನೆ. ಕೆಳಗೆ ಅವನ ಹೆಸರು. ಅವನು ಮೊದಲಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದ. ಅವಳು ಅವನ ಮುಖವನ್ನೇ ನೋಡುತ್ತ ಕಾದಳು, ಅವನು ಎಷ್ಟು ಹೊತ್ತು ತೆಗೆದುಕೊಂಡರೂ ಕಾದಳು.

“ಸರಿಯಾಗಿದೆ” ಅಂದ.